ಫಕ್ಕೀರಪ್ಪನ ಆಣೇವಾರಿ

ನಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಊಟಕ್ಕೆ ಕುಳಿತವರು ಕೈ ತೊಳೆಯುವ ಮೊದಲು ಒಂದು ತೀರ್ಪು ಕೊಡಬೇಕು. ನನ್ನ ಹೆಂಡತಿ ಬಾಯಿಬಿಟ್ಟು ಕೇಳುವುದಿಲ್ಲ. ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಮುಖ ನೋಡುತ್ತಾಳೆ, ಅಷ್ಟೆ. ನಾನು "ಹತ್ತಾಣೆ" ಎನ್ನುತ್ತೇನೆ. ಆಣೆಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಮೊಮ್ಮಕ್ಕಳಿಗೆ ಆಣೆ ಎಂದರೆ ದೇವರ ಮೇಲೆ ಇಡುವಂಥದು ಎಂದಷ್ಟೇ ಗೊತ್ತು. ಆದರೂ ನನ್ನ ನಾಲಗೆಗೆ ರುಚಿಯನ್ನು ಅಳೆಯಲು ಬೇರೊಂದು ಅಳತೆ ಇದುವರೆಗೆ ಸಿಕ್ಕಿಲ್ಲ. ಹೊಸದಾಗಿ ಬಂದ ಸೊಸೆ ಮಾತ್ರ ಒಮ್ಮೆ ಮುಖ ಸಣ್ಣದು ಮಾಡಿಕೊಂಡು, "ಇಷ್ಟ ಚೊಲೊ ಆಗಿದ್ರೂ ಹತ್ತಾಣೇನ ಏನ್ರಿ ಮಾವಾರ?" ಎಂದು ಕೇಳಿದಳು. ಹತ್ತಾಣೆ ಎಂದರೆ ಬಹಳ ಚೆನ್ನಾಗಿದೆ ಎಂದು ಅರ್ಥ, ಅದಕ್ಕಿಂತ ಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ ಎಂದು ಅವಳಿಗೆ ತಿಳಿಸಲು ಹೋಗಿ ನಾನು ನೆನಪಿನಲ್ಲಿ ದುಂಡಸಿಯ ಚಾವಡಿ ಕಟ್ಟೆಯವರೆಗೆ ನಡೆಯಬೇಕಾಯಿತು. ಓದುವ ಮಿತ್ರರೆ, ನೀವೂ ಜೊತೆಗೆ ಬನ್ನಿ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ದುಂಡಸಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರಿಗೆ ಒಂದು ಹುತುತು ತಂಡವಿತ್ತು. ಈಗ ಎಲ್ಲರೂ ಕಬಡ್ಡಿ ಎಂದು ಕರೆಯುವ ಆಟವೇ ಅದು. ಆಗ ನಮ್ಮ ಕಡೆಯವರು 'ಹುತುತು ಹುತುತು' ಎಂದು ದಮ್ಮು ಹಿಡಿದು ಎದುರಾಳಿಯ ಅಂಕಣಕ್ಕೆ ನುಗ್ಗುತ್ತಿದ್ದುದರಿಂದ ಆ ಉಸಿರೇ ಆಟದ ಹೆಸರೂ ಆಗಿತ್ತು. ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಬಂಕಾಪುರದ ಕೋಟೆಯ ಬಳಿ, ಸವಣೂರಿನಲ್ಲಿ, ಹಾನಗಲ್ಲಿನಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಆಡುವವರು ಬೆರಳೆಣಿಕೆಯಷ್ಟು ಜನ. ಅವರ ಹಿಂದೆ ಚಕ್ಕಡಿ ತುಂಬಿಕೊಂಡು ಹೋಗುವ ಅಭಿಮಾನಿಗಳೇ ನಿಜವಾದ ತಂಡ. ಗೆದ್ದರೆ ಎತ್ತಿನ ಕೊರಳ ಗಂಟೆ ಗಲಗಲಿಸುತ್ತ ಊರು ಹೊಗುತ್ತಿದ್ದೆವು, ಸೋತರೆ ಊರ ಹೊರಗೇ ಗಾಡಿ ನಿಲ್ಲಿಸಿ ಗಂಟೆ ಬಿಚ್ಚಿಡುತ್ತಿದ್ದೆವು.

ಆದರೆ ಗೆಲುವು ಸೋಲುಗಳಿಗಿಂತ ಊರವರಿಗೆ ರುಚಿಸುತ್ತಿದ್ದುದು ಮರುದಿನ ಸಂಜೆಯ ಆಣೇವಾರಿ. ಬೆಳೆಯ ಆಣೇವಾರಿಯನ್ನು ಬಲ್ಲವರು ಈಗ ಕಡಿಮೆಯಾಗಿರುವುದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಪೈರು ನಿಂತಾಗ ಸರಕಾರದ ಸಾಹೇಬರು ಊರಿಗೆ ಬಂದು, ಹೊಲ ನೋಡಿ, ಚಾವಡಿ ಕಟ್ಟೆಯ ಮೇಲೆ ಕುಳಿತು, ಪೂರ್ತಿ ಬೆಳೆಗೆ ಹದಿನಾರಾಣೆ ಎಂದಿಟ್ಟುಕೊಂಡು, ಈ ವರ್ಷದ ಬೆಳೆ ಎಷ್ಟಾಣೆ ಎಂದು ಗೊತ್ತುಮಾಡುತ್ತಿದ್ದರು. ಆಣೆ ತೀರ ಕೆಳಗಿಳಿದರೆ ಆ ವರ್ಷದ ಕಂದಾಯದಲ್ಲಿ ಬಿಡುವು ದೊರೆಯುತ್ತಿತ್ತು. ನಮ್ಮ ಊರವರು ಅದೇ ಕಟ್ಟೆಯ ಮೇಲೆ, ಅದೇ ಎಲೆಯಡಿಕೆ ತಟ್ಟೆಯ ಸುತ್ತ ಕುಳಿತು, ಬೆಳೆಯ ಬದಲು ಆಟಗಾರರ ಆಣೆ ಕಟ್ಟುತ್ತಿದ್ದರು. ಹೆಸರು ಕರೆಸಿಕೊಂಡ ಆಟಗಾರ ಬಂದು ಕಟ್ಟೆಯ ಕೆಳಗೆ ಎಲ್ಲರಿಗೂ ಬೆನ್ನು ಮಾಡಿ ಕೂರಬೇಕು. ತೀರ್ಪು ಮುಗಿಯುವತನಕ ತಿರುಗಬಾರದು, ತುಟಿ ಬಿಚ್ಚಬಾರದು. ಹೊಲ ಎಂದಾದರೂ ತನ್ನ ಪರವಾಗಿ ತಾನೇ ಮಾತಾಡಿದ್ದುಂಟೇ ಎಂಬುದು ಇದಕ್ಕೆ ಅವರು ಕೊಡುತ್ತಿದ್ದ ಕಾರಣ.

"ದಮ್ಮ ಚೊಲೊ ಐತಿ, ಕಾಲ ಭಾಳ ಭಾರ. ಆರಾಣೆ" ಎಂದು ಒಬ್ಬ. "ಆರ ಹೆಚ್ಚಾತು ಬಿಡೊ, ಎದುರಿನವ ಕುಂಟತಿದ್ದ" ಎಂದು ಇನ್ನೊಬ್ಬ. ಹೀಗೆ ಜಗ್ಗಾಡಿ ಜಗ್ಗಾಡಿ ಕಡೆಗೆ ಎಲ್ಲರೂ ರಾಚಪ್ಪಜ್ಜನ ಮುಖ ನೋಡುತ್ತಿದ್ದರು. ಊರಿನ ಪರವಾಗಿ ಸಾಹೇಬರ ಮುಂದೆ ನಿಂತು ಬೆಳೆಯ ಆಣೆ ಇಳಿಸುತ್ತ ಬಂದ ಹಿರಿಯ ಅವನು. ಎದೆಯೆತ್ತರ ಜೋಳ ನಿಂತಿದ್ದರೂ, ಹುಡುಕಿ ಹುಡುಕಿ ಒಂದು ತೆನೆ ಮುರಿದು, ಉಜ್ಜಿ, ಊದಿ, ಅಂಗೈಯಲ್ಲಿ ಉಳಿದ ನಾಲ್ಕು ಕಾಳನ್ನು ಸಾಹೇಬರಿಗೆ ತೋರಿಸುವಾಗ ಅವನ ಮುಖದಲ್ಲಿ ಸೂತಕದ ಮನೆಯ ಕಳೆ ಇರುತ್ತಿತ್ತು. ಆ ಕಳೆಯಿಂದ ಊರಿಗೆ ಎಷ್ಟೋ ಉಪಕಾರವಾಗಿತ್ತು. ಜನ ಅವನನ್ನು ಸುಮ್ಮನೆ ಗೌರವಿಸುತ್ತಿರಲಿಲ್ಲ.

ನನಗೆ ಇದೆಲ್ಲ ಮೊದಮೊದಲು ವಿಚಿತ್ರವೆನಿಸುತ್ತಿತ್ತು. ಶಾಲೆಯಲ್ಲಿ ನಾವು ಸೊನ್ನೆಯಿಂದ ಹೊರಟು ಹುಡುಗರನ್ನು ಅಂಕ ಕೊಟ್ಟು ಮೇಲೇರಿಸುತ್ತೇವೆ. ಕಟ್ಟೆಯವರು ಹದಿನಾರರಿಂದ ಹೊರಟು ಕೆಳಗಿಳಿಸುತ್ತಿದ್ದರು. ಯೋಚಿಸಿ ನೋಡಿದರೆ ನಮ್ಮ ಕಡೆಯ ಪ್ರಶಂಸೆಯ ದಾರಿಯೇ ಇಳಿಜಾರಿನದು. ಮನಸ್ಸು ತುಂಬಿ ಬಂದಾಗಲೂ ನಾವು ಆಡುವ ದೊಡ್ಡ ಮಾತು "ಅಡ್ಡಿಯಿಲ್ಲ". ಮುದ್ದಾದ ಕೂಸನ್ನು ಎತ್ತಿಕೊಂಡವರು ಅದನ್ನು ಕರಿಮೂತಿ ಎನ್ನುತ್ತಾರೆ, ಹಿಂಡುವ ಎಮ್ಮೆಯನ್ನು ಗೊಡ್ಡು ಎನ್ನುತ್ತಾರೆ. ಕಣ್ಣು ತಾಗೀತೆಂಬ ಭಯ ಒಂದು, ಕಂದಾಯ ತಾಗೀತೆಂಬ ಭಯ ಇನ್ನೊಂದು. ಇವೆರಡರ ನಡುವೆ ತಲೆಮಾರುಗಳು ಕಳೆದ ಮೇಲೆ ಇದ್ದುದನ್ನು ಇದ್ದಷ್ಟು ಹೇಳುವ ಅಭ್ಯಾಸವೇ ನಮ್ಮ ನಾಲಗೆಗೆ ತಪ್ಪಿಹೋಯಿತೋ ಏನೋ. ಇದನ್ನು ವಿನಯವೆಂದು ಹೊರಗಿನವರು ಹೊಗಳಿದ್ದುಂಟು. ನಾನು ಅಷ್ಟು ದೂರ ಹೋಗಲಾರೆ.

ತಂಡದಲ್ಲಿ ಫಕ್ಕೀರಪ್ಪ ಎಂಬ ತರುಣನಿದ್ದ. ಸ್ವಂತ ಹೊಲವಿಲ್ಲ, ಕಂಡವರ ಹೊಲದಲ್ಲಿ ಕೂಲಿ. ಗೆರೆ ದಾಟುವಾಗ ಅವನಿಗೆ ಅವಸರವೇ ಇರುತ್ತಿರಲಿಲ್ಲ. ಕಳೆದುಹೋದ ಏನನ್ನೋ ಹುಡುಕುವವನಂತೆ ನೆಲ ನೋಡುತ್ತ ಹೋಗಿ, ಎದುರಿನವರು ಇವನಿಂದೇನಾದೀತು ಎಂದುಕೊಳ್ಳುವಷ್ಟರಲ್ಲಿ ಕಾಲ್ಬೆರಳು ತಗುಲಿಸಿ ಮರಳಿರುತ್ತಿದ್ದ. ಹೊಟ್ಟೆಕಿಚ್ಚಿನವರೂ ನಿಂತು ನೋಡುವ ಆಟ ಅದು. ಕಟ್ಟೆಯ ಮೇಲೆ ಅವನಿಗೂ ಏಳಾಣೆ, ಎಂಟಾಣೆ. ತೀರ ಮೆಚ್ಚಿದರೆ ಹತ್ತು. ಅದರ ಅರ್ಥ ಅವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನಿಗೆ ಬಂಕಾಪುರದ ಗಂಗವ್ವ ಎಂಬ ಹುಡುಗಿಯ ಮೇಲೆ ಮನಸ್ಸಿತ್ತು. ಅವಳ ತಂದೆಯದು ಒಂದೇ ಮಾತು: ತಿಂಗಳ ಪಗಾರವಿದ್ದವನಿಗೆ ಮಗಳನ್ನು ಕೊಟ್ಟೇನು, ಕೂಲಿಯವನಿಗೆ ಕೊಡಲಾರೆ. ಹುಬ್ಬಳ್ಳಿಯ ಒಂದು ಬಟ್ಟೆ ಗಿರಣಿಯವರು ಹುತುತು ತಂಡ ಕಟ್ಟುತ್ತಿದ್ದಾರೆ, ಒಳ್ಳೆಯ ಆಟಗಾರರಿಗೆ ಕಾಯಂ ಕೆಲಸ ಕೊಡುತ್ತಾರೆ ಎಂಬ ಸುದ್ದಿ ಬಂದಾಗಿನಿಂದ ಫಕ್ಕೀರಪ್ಪ ಪ್ರತಿ ಪಂದ್ಯವನ್ನೂ ಆ ಗಿರಣಿಯ ಬಾಗಿಲು ತಟ್ಟುವಂತೆ ಆಡುತ್ತಿದ್ದ.

ಸವಣೂರಿನ ಪಂದ್ಯದಲ್ಲಿ ಅವನು ಆಡಿದ ಆಟವನ್ನು ವರ್ಣಿಸಲು ನನ್ನಲ್ಲಿ ಶಕ್ತಿಯಿಲ್ಲ. ಕೊನೆಗೆ ಎದುರು ತಂಡದವರು ಮುಗಿಬಿದ್ದು ಅವನನ್ನು ಹಿಡಿದಾಗ, ಅವರೆಲ್ಲರನ್ನೂ ಎಳೆದುಕೊಂಡೇ ತೆವಳಿ ಬಂದು, ದಮ್ಮು ಮುರಿಯದೆ, ಗೆರೆಯ ಮೇಲೆ ಕೈ ಇಟ್ಟ. ಮರುದಿನ ಸಂಜೆ ಅವನು ಕಟ್ಟೆಯ ಕೆಳಗೆ ಬೆನ್ನು ಮಾಡಿ ಕುಳಿತಾಗ ಯಾರಿಗೂ ಜಗ್ಗಾಡುವ ಮನಸ್ಸಿರಲಿಲ್ಲ. ರಾಚಪ್ಪಜ್ಜ ಎಲೆಗೆ ಸುಣ್ಣ ಸವರುತ್ತ, "ಹನ್ನೆರಡ ಅನ್ನಬೇಕೇನಪಾ ಇದಕ್ಕ" ಎಂದು ತನ್ನಷ್ಟಕ್ಕೇ ಗುಣುಗುಣಿಸಿದ್ದನ್ನು ನಾನೇ ಕೇಳಿದೆ.

ಅಷ್ಟರಲ್ಲಿ ಕರಿಯ ಟೊಪ್ಪಿಗೆ, ಮುಚ್ಚುಗುಂಡಿಯ ಕೋಟು, ಬಗಲಲ್ಲಿ ಚರ್ಮದ ಚೀಲ ಇದ್ದ ಒಬ್ಬರು ಕಟ್ಟೆಯ ಬಳಿ ಬಂದು ನಿಂತರು. ಜನ ಎದ್ದು ಜಾಗ ಬಿಟ್ಟರು. ಅವರು ಸೌಜನ್ಯದಿಂದ, "ಕುಂದರ್ರಿ, ಕುಂದರ್ರಿ. ನಿನ್ನೆ ಮೋಟಾರ ಕೆಟ್ಟು ಆಟ ನೋಡೂದು ತಪ್ಪಿತು. ಆ ಫಕ್ಕೀರಪ್ಪ ಅಂಬವ ಹೆಂಗ ಅದಾನ, ನಿಮ್ಮ ಬಾಯಿಂದನ ಕೇಳೂನು ಅಂತ ಬಂದೆ" ಎಂದರು. ತಾವು ಯಾರೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಟೊಪ್ಪಿಗೆ ಚೀಲಗಳನ್ನು ಕಂಡ ಮೇಲೆ ಕೇಳುವುದೇನಿತ್ತು? ಸರಕಾರದವರು ಊರೂರು ತಿರುಗುವ ಫಿರತಿಗೆ ಬಂದಿದ್ದಾರೆ, ಹೊತ್ತು ಹೋಗದೆ ಆಟದ ಮಾತು ತೆಗೆದಿದ್ದಾರೆ ಎಂದೇ ನಾನೂ ತಿಳಿದೆ. ರಾಚಪ್ಪಜ್ಜನ ಮುಖಕ್ಕೆ ಆ ಸೂತಕದ ಕಳೆ ತಾನಾಗಿಯೇ ಇಳಿದು ಬಂತು.

"ನಾಲ್ಕಾಣೆ ಬರತೈತ್ರಿ ಸಾಹೇಬರ" ಎಂದ ಅಜ್ಜ. "ಅದೂ ಕಣ್ಣ ಮುಚ್ಚಿ ಹೇಳಿದ್ರ."

ಉಳಿದವರು ರೂಢಿಯಂತೆ ಹಿಮ್ಮೇಳ ಹಿಡಿದರು. "ಹ್ವಾದ ವರ್ಸ ಇದ್ದಂಗ ಇಲ್ರಿ." "ಮ್ಯಾಲ ಹಸರ ಕಾಣತೈತ್ರಿ, ಬೇರ ಗಟ್ಟಿ ಇಲ್ಲ." ಬಂದವರು ಬೇಸರದಿಂದ, "ನಾಲ್ಕಾಣೆ ಅಷ್ಟನ? ಭಾಳ ಕೇಳಿದ್ದೆ ಅವನ ಹೆಸರ" ಎಂದು ನಮಸ್ಕಾರ ಮಾಡಿ, ಹಿರೇಕೆರೂರಿಗೆ ಹೋಗಬೇಕೆಂದು ಹೊರಟರು. ಕಟ್ಟೆಯ ಕೆಳಗೆ ಬೆನ್ನು ತೋರಿಸಿ ಕುಳಿತವನೇ ಆ ಫಕ್ಕೀರಪ್ಪ ಎಂದು ಅವರಿಗೆ ತಿಳಿಯಲಿಲ್ಲ, ಅವನೂ ಕಟ್ಟಳೆ ಮೀರಿ ತಿರುಗಲಿಲ್ಲ.

ಅವರು ಗಿರಣಿಯ ತಂಡವನ್ನು ನೋಡಿಕೊಳ್ಳುವವರು ಎಂದು ವಾರದ ಮೇಲೆ ಮೋಟಾರಿನ ಡ್ರೈವರನಿಂದ ಗೊತ್ತಾಯಿತು. ಹಿರೇಕೆರೂರಿನ ಹತ್ತಿ ಪೇಟೆಯಲ್ಲಿ ಅವರು ಇದೇ ಪ್ರಶ್ನೆ ಕೇಳಿದ್ದರಂತೆ. ಅಲ್ಲಿಯವರು ತಮ್ಮ ಹುಡುಗನನ್ನು ಹದಿನೆಂಟಾಣೆ ಎಂದು ಹೇಳಿ, ಬೆನ್ನು ತಟ್ಟಿ ಮುಂದೆ ನಿಲ್ಲಿಸಿದರಂತೆ, ಅವನಿಗೆ ಕೆಲಸವಾಯಿತು. ಹಿರೇಕೆರೂರಿನವರು ಸುಳ್ಳರು, ನಾವು ಸತ್ಯವಂತರು ಎಂದು ಆಗ ಕಟ್ಟೆಯ ಮೇಲೆ ಕೆಲವರು ಬೈದರು. ವಾಸ್ತವವಾಗಿ ಇಬ್ಬರೂ ಸುಳ್ಳನ್ನೇ ಹೇಳಿದ್ದೆವು. ಹತ್ತಿ ಮಾರುವವನಿಗೆ ಎದುರು ನಿಂತವನು ಕೊಳ್ಳಲು ಬಂದವನಂತೆ ಕಾಣುತ್ತಾನೆ, ಹೊಲ ಉಳುವವನಿಗೆ ಕಿತ್ತುಕೊಳ್ಳಲು ಬಂದವನಂತೆ. ಯಾರ ಮುಂದೆ ಬಚ್ಚಿಡಬೇಕು, ಯಾರ ಮುಂದೆ ಬಿಚ್ಚಿಡಬೇಕು ಎಂಬುದು ಬಾಳಿನಲ್ಲಿ ದೊಡ್ಡ ವಿವೇಕವೇ ಸರಿ; ಆದರೆ ಬಂದವನ ಟೊಪ್ಪಿಗೆ ನೋಡಿ ಅದನ್ನು ಗೊತ್ತುಮಾಡಲಾಗದು ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ರಾಚಪ್ಪಜ್ಜ ಆ ಸುದ್ದಿ ಕೇಳಿದ ಸಂಜೆ ಶಾಲೆಗೆ ಬಂದ. "ಮಾಸ್ತರ್ರ, ನಾಳೆ ಸಾಲಿ ಸೂಟಿ ಅಲ್ಲೇನ್ರಿ? ಹುಬ್ಬಳ್ಳಿಗೆ ಹೋಗಿ ಬರೂಣು. ನಾ ಕೆಡಿಸೇನಿ, ನಾನ ಸರಿ ಮಾಡ್ತೇನಿ." ಫಕ್ಕೀರಪ್ಪನನ್ನೂ ಕರೆದುಕೊಂಡು ಹೊರಟೆವು. ಪೆಟ್ರೋಲು ಸಿಗದ ಕಾಲ. ಇದ್ದಿಲು ಸುಟ್ಟ ಹೊಗೆಯಿಂದ ಓಡುತ್ತಿದ್ದ ಮೋಟಾರು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು, ಇಳಿದು ತಳ್ಳುತ್ತಿದ್ದೆವು. ದಾರಿಯುದ್ದಕ್ಕೂ ಅಜ್ಜ ತುಟಿಯೊಳಗೇ "ಹದಿನಾರಾಣೆ, ಹದಿನಾರಾಣೆ" ಎಂದು ಹೇಳಿಕೊಳ್ಳುತ್ತಿದ್ದ.

ಗಿರಣಿಯ ಕಚೇರಿಯಲ್ಲಿ ಆ ಸಭ್ಯರು ನಮ್ಮ ಗುರುತು ಹಿಡಿದರು. ಫಕ್ಕೀರಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿ ನಾವಿಬ್ಬರು ಒಳಗೆ ಹೋಗಿದ್ದೆವು. "ಇನ್ನೊಂದು ಜಾಗಾ ಐತ್ರಿ ಅಜ್ಜಾರ" ಎಂದರು ಅವರು. "ತಂಡ ನಾಳೆ ಮುಂಜಾನೆ ಪಂದ್ಯಕ್ಕ ಪರ ಊರಿಗೆ ಹೊಂಟೈತಿ, ಆಡಿಸಿ ನೋಡಾಕ ಹೊತ್ತಿಲ್ಲ. ನಿಮ್ಮ ಮಾತಿನ ಮ್ಯಾಲ ತಗೋತೇನಿ. ಖರೇ ಹೇಳ್ರಿ, ಹುಡುಗ ಎಷ್ಟಾಣೆ?"

ಅಜ್ಜ ಕೈ ಮುಗಿದು ನಿಂತಿದ್ದ. ಎದುರಿಗೆ ಮೇಜು, ಮಸಿಕುಡಿಕೆ, ಮೇಜಿನ ಮೂಲೆಯಲ್ಲಿ ಕಳಚಿಟ್ಟ ಕರಿಯ ಟೊಪ್ಪಿಗೆ. ಅವನ ತುಟಿ ಎರಡು ಸಲ 'ಹದಿ' ಎಂದು ಶುರುವಾಗಿ ಟೊಪ್ಪಿಗೆ ಕಂಡು ನಿಂತಿತು. ಬೆಳೆದು ನಿಂತ ಹೊಲವನ್ನು ಅಧಿಕಾರದ ಕಣ್ಣಿಂದ ಮರೆಮಾಡುತ್ತ ಮುದುಕನಾದವನು ಅವನು. ಆ ಒಂದು ಮಾತನ್ನು ಆಡಬೇಕೆಂದು ಎಷ್ಟು ಒದ್ದಾಡಿದನೆಂಬುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

"ಎಂಟಾಣೆ" ಎಂದ ಕೊನೆಗೆ. "ಎಂಟಾಣೆಕ್ಕ ಮೋಸ ಇಲ್ರಿ, ಸಾಹೇಬರ."

ಎಂಟಾಣೆ ಎಂದರೆ ನಮ್ಮೂರಲ್ಲಿ ಏನು ಅರ್ಥ ಎಂಬುದನ್ನು ನಾನು ವಿವರಿಸತೊಡಗಿದೆ. ಅವರು ತಾಳ್ಮೆಯಿಂದ ಕೇಳಿ ನಕ್ಕರು. "ಮಾಸ್ತರ್ರ, ಹುಡುಗನ ಸಲುವಾಗಿ ಅಷ್ಟು ದೂರದಿಂದ ಬಂದ ಹಿರ್ಯಾರ ಬಾಯಾಗನ ಎಂಟ ಬಂದ ಮ್ಯಾಲ ನಾ ಏನ ಮಾಡ್ಲಿ? ಮುಂದಿನ ವರ್ಸ ನೋಡೂಣು" ಎಂದರು. ಅವರದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ.

ಮರಳುವಾಗ ಮೋಟಾರಿನಲ್ಲಿ ಜನ ಕಡಿಮೆಯಿದ್ದರು. ಒಳಗೆ ನಡೆದದ್ದನ್ನು ನಾನು ಫಕ್ಕೀರಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದ್ದೆ. ಅವನು ಹುಬ್ಬಳ್ಳಿಯಲ್ಲಿ ಕೊಂಡ ಶೇಂಗಾವನ್ನು ಸುಲಿಯುತ್ತ, ಸುಲಿದದ್ದನ್ನು ಅಜ್ಜನಿಗೆ ಕೊಡುತ್ತ ಕುಳಿತಿದ್ದ. ತಡಸ ದಾಟಿದ ಮೇಲೆ ಮೆಲ್ಲಗೆ ಬಾಯಿ ತೆರೆದ.

"ಅಜ್ಜಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಬೆಳಿ ಕಡಿಮಿ ಅಂತ ಹೇಳಿದ್ರ ಕಂದಾಯ ಬಿಡ್ತಾರ, ಹೊಲ ಇದ್ದವರಿಗೆ ಅದು ಉಳೀತೈತಿ. ನನಗ ಹೊಲ ಇಲ್ಲ. ನನ್ನ ಕಡಿಮಿ ಅಂತ ಹೇಳಿದ್ದಕ್ಕ ಯಾರಿಗೆ ಏನ ಉಳೀತ್ರಿ?"

ಕುಟುಕಬೇಕೆಂದು ಅವನು ಕೇಳಿದ್ದಲ್ಲ. ಗೊತ್ತಿಲ್ಲದ ಲೆಕ್ಕವನ್ನು ತಿಳಿದವರಲ್ಲಿ ಕೇಳುವಂತೆ, ಅಜ್ಜನ ಮುಖವನ್ನೇ ನೋಡುತ್ತ ಕೇಳಿದ. ರಾಚಪ್ಪಜ್ಜ ಬಾಯಿಗೆ ಒಯ್ಯುತ್ತಿದ್ದ ಶೇಂಗಾವನ್ನು ಕೈಯಲ್ಲೇ ಹಿಡಿದು ಕುಳಿತ. ಶಿಗ್ಗಾವಿ ಬಂತು, ಜನ ಇಳಿದರು, ಹತ್ತಿದರು. ದುಂಡಸಿಯ ದಾರಿ ಹಿಡಿದ ಮೇಲೂ ಶೇಂಗಾ ಹಿಡಿದ ಅಜ್ಜನ ಕೈ ಮುಚ್ಚಿದಂತೆಯೇ ಇತ್ತು.