ಇಸ್ತ್ರಿ ಅಂಗಡಿಯ ಹಾಡಿನಲ್ಲಿ ಒಂದು ಬಿಡುವು

'ಇವತ್ತೂ ಹಾಡು ಒಂದೇ ಸಾಲಿಗೆ ನಿಂತುಬಿಟ್ಟರೆ?' ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದನ್ನೇ ನೋಡುತ್ತ ಅಕ್ಕ ತಮ್ಮೊಳಗೇ ಕೇಳಿಕೊಳ್ಳುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಟರ್ ಅರ್ಧ ಎತ್ತಿದ ಅಂಗಡಿಯಲ್ಲಿ, ಹೋಟೆಲಿನಿಂದ ಬಂದ ಬೆಡ್‌ಶೀಟುಗಳ ರಾಶಿ ಅವರ ಎದೆಮಟ್ಟಕ್ಕಿದೆ. ಒಂದನ್ನು ಕೊಡವಿ, ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ ಒತ್ತುತ್ತಾರೆ. ಉಸ್ಸೆಂದು ಹಬೆ ಏಳುತ್ತದೆ. ಇವತ್ತು ಶನಿವಾರ. ಸಂಜೆ ಹಾಡುವ ಸರದಿ ಅವರದು.

ಬೀದಿಯವರಿಗೆ ಅವರು ಇಸ್ತ್ರಿ ಅಕ್ಕ. ದಿನಕ್ಕೆ ನೂರರ ಮೇಲೆ ಬೆಡ್‌ಶೀಟು, ಅದಲ್ಲದೆ ಅಕ್ಕಪಕ್ಕದವರ ಅಂಗಿ, ಪ್ಯಾಂಟು. ಸೇನೆಯಲ್ಲಿ ವೈರ್‌ಲೆಸ್ ಮುಂದೆ ಕೂತು ಅರ್ಧ ಆಯುಷ್ಯ ಕಳೆದವರು ಎಂಬುದು ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶನಿವಾರ ಸಂಜೆ ಹಿಂದಿನ ಕೋಣೆಯಲ್ಲಿ, ನೇತುಹಾಕಿದ ಕೋಟುಗಳ ನಡುವೆ, ಮಾಜಿ ಸೈನಿಕರು ಕೂತು ಹಾಡು ಕಟ್ಟುತ್ತಾರೆ ಎಂಬುದಂತೂ ಗೊತ್ತೇ ಇಲ್ಲ. "ಬಟ್ಟೆ ಸದ್ದನ್ನ ಕುಡಿದುಬಿಡುತ್ತೆ. ಎಷ್ಟು ಕೆಟ್ಟದಾಗಿ ಹಾಡಿದ್ರೂ ಪಕ್ಕದ ಮನೆಯವರು ಬೈಯಲ್ಲ" ಎಂದು ಅಕ್ಕ ನಗುತ್ತಾರೆ.

ಇದೆಲ್ಲ ಶುರುವಾದದ್ದು ಸೇನೆಯ ಲಾರಿ ಓಡಿಸುತ್ತಿದ್ದ ಡ್ರೈವರಣ್ಣನಿಂದ. ಕೋಟು ಕೊಡಲು ಬಂದವರು ಕೌಂಟರಿಗೆ ಒರಗಿ ಏನೋ ಗುನುಗುತ್ತಿದ್ದರು. ಅಕ್ಕ ಮಗಳ ಹಳೇ ಗಿಟಾರು ತಂದು ಅದಕ್ಕೊಂದು ಧಾಟಿ ಕೂಡಿಸಿದರು. "ಊರಿಗೆ ಬಂದ ಮೇಲೆ ಕಣ್ಣು ಮುಚ್ಚಿದ್ರೆ ಸಾಕು, ಅದೇ ರಸ್ತೆ, ಅದೇ ಸದ್ದು. ಈಗ ಶನಿವಾರ ಹಾಡಿ ಹೋದ್ರೆ ಗೊರಕೆ ಹೊಡೀತೀನಂತೆ. ಹೆಂಡ್ತಿಗೆ ಈಗ ಅದೊಂದು ಹೊಸ ಕಷ್ಟ" ಎನ್ನುತ್ತಾರೆ ಅವರು.

ಒಮ್ಮೆ ಅವರು ಮೊಮ್ಮಗಳಿಗೆಂದು ಜೋಗುಳ ಕಟ್ಟಿದರು. ಎರಡನೇ ಸಾಲಿಗೇ ಎಲ್ಲರ ಕಾಲೂ ಎಡ-ಬಲ ಎಂದು ನೆಲ ಕುಟ್ಟತೊಡಗಿದವು.

"ಅಣ್ಣಾ, ಇದನ್ನ ಕೇಳಿದ್ರೆ ಮಗು ಮಲಗಲ್ಲ, ಎದ್ದು ಸಾಲಲ್ಲಿ ನಿಂತ್ಕೊಳ್ಳುತ್ತೆ!" ಎಂದು ಸೇನೆಯ ಅಡುಗೆಮನೆಯಲ್ಲಿದ್ದ ಬಾಣಸಿಗ ಕಿಚಾಯಿಸಿದ.

ಅಕ್ಕ ಡ್ರೈವರಣ್ಣನನ್ನು ಇಸ್ತ್ರಿ ಮೇಜಿನ ಮೇಲೆ ಹತ್ತಿಸಿ ಕೂರಿಸಿದರು. "ಕಾಲು ನೆಲಕ್ಕೆ ತಾಗಿದ್ರೆ ತಾನೇ ಕವಾಯತು?" ಕಾಲು ಇಳಿಬಿಟ್ಟು ಹಾಡಿದಾಗ ಜೋಗುಳ ಜೋಗುಳವಾಯಿತು. ಅಂದಿನಿಂದ ಮೆತ್ತನೆಯ ಹಾಡುಗಳೆಲ್ಲ ಹುಟ್ಟುವುದು ಆ ಮೇಜಿನ ಮೇಲೆಯೇ.

ಎಲ್ಲರ ಹಾಡಿಗೂ ಧಾಟಿ ಕೂಡಿಸುವ ಅಕ್ಕನ ಸ್ವಂತ ಹಾಡು ಮಾತ್ರ ಒಂದು ಸಾಲು ದಾಟಿಲ್ಲ. ಹಾಡಲು ಹೊರಟಾಗಲೆಲ್ಲ ಮೊದಲ ಸಾಲು ಮುಗಿದ ಕೂಡಲೇ ನಿಂತುಬಿಡುತ್ತಾರೆ. ಮರೆತರೇನೋ ಎಂದು ಡ್ರೈವರಣ್ಣ ಲಲಲಾ ಎಂದು ನಡುವೆ ತುಂಬುತ್ತಾರೆ. ಅಕ್ಕ ನಕ್ಕು ಗಿಟಾರು ಕೆಳಗಿಡುತ್ತಾರೆ. "ನಿನ್ನ ಹಾಡು ಯಾವಾಗಮ್ಮಾ?" ಎಂದು ಮಗಳು ಕೇಳಿದರೆ, "ಬಟ್ಟೆ ರಾಶಿ ಬಿದ್ದಿದೆ, ಹೋಗೇ" ಎನ್ನುತ್ತಾರೆ.

ಅದು ಮರೆವಲ್ಲ. ವೈರ್‌ಲೆಸ್‌ನಲ್ಲಿ ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಬೆಟ್ಟದ ಮೇಲಿನ ಠಾಣೆಯಿಂದ ಒಂದು ದನಿ ದಿನಾ ಉತ್ತರಿಸುತ್ತಿತ್ತು. ಮುಖ ಕಂಡದ್ದಿಲ್ಲ. ಚಹಾ ತಣ್ಣಗಾಯಿತೆಂದು ಗೊಣಗುತ್ತಿದ್ದ ಹುಡುಗನ ದನಿ. ಒಂದು ಬೆಳಗ್ಗೆ ಅಕ್ಕ ಕರೆದರು, ಗುಂಡಿ ಬಿಟ್ಟರು, ಕಿವಿಗೊಟ್ಟರು. ಉತ್ತರ ಬರಲಿಲ್ಲ, ಮತ್ತೆಂದೂ ಬರಲಿಲ್ಲ.

ಸಂಜೆ. ಕೋಣೆಯಲ್ಲಿ ಸೋಪಿನ ವಾಸನೆ, ಇನ್ನೂ ಆರದ ಹಬೆ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಾಳೆ. ಅಕ್ಕ ಮೇಜು ಹತ್ತಿ, ಕಾಲು ಇಳಿಬಿಟ್ಟು, ಹಾಡುತ್ತಾರೆ:

"ಬೆಟ್ಟದ ಮೇಲಿನ ದನಿಯೇ, ಬೆಳಗಾಯ್ತು, ಕೇಳಿಸ್ತಾ..."

ನಿಲ್ಲುತ್ತಾರೆ. ಡ್ರೈವರಣ್ಣ ಬಾಯಿ ತೆರೆದದ್ದೇ ತಡ, ಬಾಣಸಿಗ ಅವರ ಮೊಣಕಾಲು ಅದುಮುತ್ತಾನೆ. ಕೋಟುಗಳು ಅಲ್ಲಾಡದೆ ನೇತಾಡುತ್ತಿವೆ. ಬಿಡುವು ಉದ್ದವಾಗುತ್ತದೆ. ಗುಂಡಿ ಬಿಟ್ಟಂತೆ ಅಕ್ಕ ತಂತಿಯಿಂದ ಬೆರಳು ಎತ್ತಿ ಕಿವಿಗೊಡುತ್ತಾರೆ.

"ಕೇಳಿಸ್ತಾ ಇದೆ ತಾಯಿ, ಹೇಳಿ" ಎನ್ನುತ್ತಾರೆ ಡ್ರೈವರಣ್ಣ, ಮೆಲ್ಲಗೆ.

ಅಕ್ಕ ತಲೆ ಎತ್ತುತ್ತಾರೆ. ಇವತ್ತು ಗಿಟಾರು ಕೆಳಗಿಡುವುದಿಲ್ಲ.

"ಅವನ ಉತ್ತರಕ್ಕೆ ನಾನು ಇನ್ನೂ ಕಾಯ್ತಾ ಇದ್ದೀನಿ ಅಣ್ಣಾ. ಇಲ್ಲಿ, ನಿಮ್ಮೆಲ್ಲರ ಜೊತೆ ಕೂತು ಕಾಯೋದು ಸುಲಭ."