ಬ್ರಸೆಲ್ಸ್‌ಗೆ ಹೋದ ಹಿಟ್ಟಿನ ಧೂಳು

ಗಿಸ್ಲೆನ್ ವೌಟರ್ಸ್ ಏನು ಕೆಲಸ ಮಾಡುತ್ತಾಳೆಂಬುದು ಅವಳ ತಾಯಿಗೆ ಸಾಯುವವರೆಗೂ ಅರ್ಥವಾಗಲಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ, "ಬ್ರಸೆಲ್ಸ್‌ನಲ್ಲಿದ್ದಾಳೆ, ಯುರೋಪಿನ ಆಫೀಸುಗಳ ಹತ್ತಿರ" ಎಂದು ಹೇಳಿ ಆಕೆ ಮಾತು ಬದಲಿಸುತ್ತಿದ್ದಳು. ಮುದುಕಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹತ್ತಿರ ಇರುವುದೇ ಗಿಸ್ಲೆನ್‌ಳ ಕೆಲಸವಾಗಿತ್ತು.

ಮ್ಯೂಸ್ ನದಿಯ ದಡದ ಒಂದು ವಿಶ್ವವಿದ್ಯಾಲಯ ಯುರೋಪಿಯನ್ ಪಾರ್ಲಿಮೆಂಟಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಆಫೀಸು ಇಟ್ಟಿತ್ತು. ಮೇಲಿನ ಮಹಡಿಯಲ್ಲಿ ಸಿಮೆಂಟಿನವರ ಸಂಘ, ಕೆಳಗೆ ಚೀಸ್ ಮಾಡುವವರ ಸಂಘ, ಎದುರುಗಡೆ ಇನ್ನೂ ಮೂರು ವಿಶ್ವವಿದ್ಯಾಲಯಗಳು. ಎಲ್ಲರೂ ಹತ್ತಿರ ಇರುವುದಕ್ಕೇ ಬಂದವರು. ಗಿಸ್ಲೆನ್ ಓದಿದ್ದು ಲ್ಯಾಟಿನ್. ಯಾರದೋ ಹೆರಿಗೆ ರಜೆಗೆ ಬದಲಿಯಾಗಿ ಮೂರು ತಿಂಗಳ ಮಟ್ಟಿಗೆ ಬಂದವಳು. ರಜೆಗೆ ಹೋದಾಕೆ ಮರಳಲಿಲ್ಲ. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ.

ಪ್ರೊಫೆಸರುಗಳು ಕಂಡುಹಿಡಿದದ್ದನ್ನು ಕಾನೂನು ಮಾಡುವವರ ಕಿವಿಗೆ ಹಾಕುವುದು ಅವಳ ಪಾಲಿನ ಕೆಲಸ. ಕಾನೂನು ಮಾಡುವವರು ಓದುತ್ತಾರೆ ಎಂದು ಪ್ರೊಫೆಸರುಗಳು ನಂಬಿದ್ದಾರೆ. ಪ್ರೊಫೆಸರುಗಳಿಗೆ ಚುಟುಕಾಗಿ ಮಾತಾಡಲು ಬರುತ್ತದೆ ಎಂದು ಕಾನೂನು ಮಾಡುವವರು ನಂಬಿದ್ದಾರೆ. ಎರಡೂ ಕಡೆಯವರಿಗೆ ಬೇಸರವಾಗದಂತೆ ನಡುವೆ ನಿಂತು ಸಂಬಂಧ ಕುದುರಿಸುವುದು ಮದುವೆ ದಲ್ಲಾಳಿಯ ಕೆಲಸಕ್ಕಿಂತ ಬೇರೆಯಲ್ಲ. ಬೆಳಗಿನ ತಿಂಡಿಗೆ ಪಾರ್ಲಿಮೆಂಟಿನಲ್ಲಿ ಒಂದು ಸಭೆ, ಮಧ್ಯಾಹ್ನ ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ನಿಂತೇ ಇನ್ನೊಂದು. ಇಷ್ಟು ವರ್ಷಗಳಲ್ಲಿ ಅವಳು ತಿಂದ ಕ್ರೊಸಾಂಟುಗಳ ಪೈಕಿ ಹಸಿವಾಗಿ ತಿಂದದ್ದು ಯಾವುದೂ ನೆನಪಿಲ್ಲ.

ಅವಳದೊಂದೇ ಕಟ್ಟಳೆ: ಏನೇ ಇರಲಿ, ಒಂದು ಪುಟ. ನಾನೂರು ಪುಟದ ಅಧ್ಯಯನ ತಂದವರನ್ನು ಕಾಫಿ ಕೊಟ್ಟು ಕೂರಿಸಿ, ಒಂದು ಪುಟಕ್ಕೆ ಇಳಿಸಿ ಕಳಿಸುತ್ತಿದ್ದಳು. ಮೊದಲು ಹೋಗುವುದು ಕೊನೆಯ ಸಾಲು. ನಮ್ಮಲ್ಲಿ ಊಟ ಮಜ್ಜಿಗೆಯಲ್ಲಿ ಮುಗಿಯುವ ಹಾಗೆ ವಿದ್ವಾಂಸರ ಬರಹಗಳೆಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತವೆ: ಈ ವಿಷಯದಲ್ಲಿ ಇನ್ನಷ್ಟು ಸಂಶೋಧನೆ ಅಗತ್ಯ. ಅದನ್ನು ಬರೆಯುವಾಗ ಅವರಿಗೆ ತಾವು ಬರೆಯುತ್ತಿದ್ದೇವೆ ಎಂಬ ಎಚ್ಚರವೂ ಇರುವುದಿಲ್ಲ. ಗಿಸ್ಲೆನ್ ಅದನ್ನು ಹೊಡೆದುಹಾಕುವಾಗ ಅವಳಿಗೂ ಇರುತ್ತಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕೆಲಸಕ್ಕೆ ಹಿಟ್ಟಿನ ಧೂಳು ಬಂತು.

ಗಿಸ್ಲೆನ್‌ಳ ತಮ್ಮ ಫಿರ್ಮೆನ್ ಬೇಕರಿಯವನು. ಹದಿನಾರನೇ ವಯಸ್ಸಿಗೆ ನಾಮ್ಯೂರಿನ ಒಂದು ಬೇಕರಿಯಲ್ಲಿ ಹಿಟ್ಟು ನಾದಲು ನಿಂತವನು ಐವತ್ತು ದಾಟಿದರೂ ಅಲ್ಲೇ ಇದ್ದ. ಅವನ ಬ್ರೆಡ್ಡಿಗೆ ಹೊಳೆಯ ಆಚೆಯಿಂದಲೂ ಜನ ಬರುತ್ತಿದ್ದರು. ಕೆಲವು ವರ್ಷಗಳಿಂದ ಅವನ ಎದೆ ಕೆಟ್ಟಿತ್ತು. ರಜೆ ಕಳೆದ ಭಾನುವಾರ ನೆಟ್ಟಗಿರುತ್ತಿದ್ದ, ಗುರುವಾರದ ಹೊತ್ತಿಗೆ ಮನೆಯ ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದ. ಹಿಟ್ಟಿನ ಧೂಳು ಎಂದರು ಡಾಕ್ಟರು. ಬೇಕರಿಯ ಮಾಲೀಕ ಕೆಟ್ಟವನಲ್ಲ. ಧೂಳು ಎಳೆಯುವ ಯಂತ್ರವನ್ನು ತಾನೊಬ್ಬನೇ ಹಾಕಿದರೆ ಪಕ್ಕದ ಬೀದಿಯವನ ಬ್ರೆಡ್ಡು ಅಗ್ಗವಾಗುತ್ತದೆ, ಎಲ್ಲರೂ ಹಾಕಲೇಬೇಕೆಂದು ಕಾನೂನು ಬಂದರೆ ಮರುದಿನವೇ ಹಾಕುತ್ತೇನೆ ಎಂದಿದ್ದ. ಬೇಕರಿಯ ಗಾಳಿಯಲ್ಲಿ ಇಷ್ಟೇ ಧೂಳು ಇರಬೇಕೆಂದು ಮಿತಿ ಹಾಕಿ ಯಂತ್ರವನ್ನು ಕಡ್ಡಾಯ ಮಾಡುವ ಆ ಕಾನೂನಿನ ಕರಡು ಬ್ರಸೆಲ್ಸ್‌ನಲ್ಲಿ ಒಂದು ಸಮಿತಿಯ ಮುಂದೆ ಬಂದಿತು. ಬೇಕರಿಯವರ ಶ್ವಾಸಕೋಶಗಳನ್ನು ಹದಿನೆಂಟು ವರ್ಷ ಅಳೆದ ಪ್ರೊಫೆಸರ್ ಎವ್ರಾರ್ ಕ್ವಾಲೆನ್ ಗಿಸ್ಲೆನ್‌ಳ ವಿಶ್ವವಿದ್ಯಾಲಯದಲ್ಲೇ ಇದ್ದರು.

ತಮ್ಮನ ವಿಷಯ ಅವಳು ಯಾರಿಗೂ ಬಾಯಿಬಿಡಲಿಲ್ಲ. ಬ್ರಸೆಲ್ಸ್‌ನಲ್ಲಿ ನೀವು ಸಿಮೆಂಟಿನ ಪರವಾಗಿ, ಚೀಸಿನ ಪರವಾಗಿ, ವಿಜ್ಞಾನದ ಪರವಾಗಿ ಮಾತಾಡಬಹುದು. ತಮ್ಮನ ಪರವಾಗಿ ಮಾತಾಡಿದರೆ ನಿಮಗೆ ಸ್ವಾರ್ಥವಿದೆ ಎನ್ನುತ್ತಾರೆ.

ಪ್ರೊಫೆಸರ್ ಕ್ವಾಲೆನ್ ಮಳೆಯಲ್ಲಿ ನೆನೆದು ಬಂದರು. ಎತ್ತರದ ಆಳು, ನಿಧಾನದ ಮಾತು. ಕೆಳಗೆ ಬಿದ್ದ ಪೆನ್ನನ್ನು ಎತ್ತುವ ಮೊದಲೂ ಯೋಚಿಸುವ ಜಾಯಮಾನ. ಅವರ ಅಧ್ಯಯನವನ್ನು ಒಂದು ಪುಟಕ್ಕೆ ಇಳಿಸುವಾಗ ನಕ್ಷೆಗಳು ಹೋದವು, ಅಂಕಿಗಳ ಕೋಷ್ಟಕ ಹೋಯಿತು, ಹಿಂದಿನ ವಿದ್ವಾಂಸರ ಹೆಸರುಗಳೆಲ್ಲ ಹೋದವು. ಅವರು ಹಲ್ಲು ಕಚ್ಚಿ ಸಹಿಸಿದರು. ಕೊನೆಯ ಸಾಲಿಗೆ ಬಂದಾಗ ಹಾಳೆಯ ಮೇಲೆ ಕೈ ಇಟ್ಟರು.

"ಇದು ಇರ್ಲಿ, ಮದಾಮ್."

"ಇದು ಎಲ್ಲಾರೂ ಬರೆಯೋ ಸಾಲು, ಪ್ರೊಫೆಸರೇ. ಇದ್ರಿಂದ ಯಾರಿಗೂ ಏನೂ ತಿಳಿಯಲ್ಲ."

"ಎಲ್ಲಾರೂ ಬರೀತಾರೆ ಅಂದ್ರೆ ಸುಳ್ಳು ಅಂತಲ್ಲವಲ್ಲ. ಸಣ್ಣ ಬೇಕರಿಗಳ ಲೆಕ್ಕ ನನ್ನ ಹತ್ರ ಇನ್ನೂ ಪೂರ್ತಿ ಇಲ್ಲ."

"ಧೂಳು ಎದೆ ಕೆಡಿಸುತ್ತೆ ಅನ್ನೋದರಲ್ಲಿ ನಿಮಗೇನಾದ್ರೂ ಅನುಮಾನ ಇದೆಯಾ?"

"ಏನೇನೂ ಇಲ್ಲ."

"ಮತ್ತೆ?"

"ಅನುಮಾನ ಇಲ್ಲ. ಆದ್ರೆ ಇನ್ನಷ್ಟು ಸಂಶೋಧನೆ ಅಗತ್ಯ" ಎಂದರು ಪ್ರೊಫೆಸರರು. "ಈ ಸಾಲು ತೆಗೆದ್ರೆ ನನ್ನ ಹೆಸರೂ ತೆಗೀರಿ."

ಅವರ ಹೆಸರಿಲ್ಲದೆ ಆ ಪುಟಕ್ಕೆ ಬೆಲೆಯಿಲ್ಲ. ಗಿಸ್ಲೆನ್ ಬ್ರಸೆಲ್ಸ್‌ನವರು ಎಂದಿನಿಂದಲೂ ಮಾಡುತ್ತ ಬಂದದ್ದನ್ನೇ ಮಾಡಿದಳು, ಅಂದರೆ ರಾಜಿ. ಸಾಲು ಇರಲಿ, ಆದರೆ ಕೊನೆಯಲ್ಲಿ ಬೇಡ. ಅದನ್ನು ಎತ್ತಿ ಪುಟದ ನಡುಮಧ್ಯೆ, ಒಂದು ದೊಡ್ಡ ವಾಕ್ಯವೃಂದದ ಹೊಟ್ಟೆಯೊಳಗೆ ಇಟ್ಟಳು. ಸದಸ್ಯರು ಓದುವುದು ಮೊದಲ ಸಾಲು ಮತ್ತು ಕೊನೆಯ ಸಾಲು, ಮಧ್ಯದ್ದನ್ನು ಓದುವ ಮನುಷ್ಯಪ್ರಾಣಿ ಈ ಊರಿನಲ್ಲಿಲ್ಲ ಎಂಬುದು ಅವಳ ಅನುಭವವಾಗಿತ್ತು. ಕೊನೆಗೆ ಹೊಸ ಸಾಲು ಬರೆದಳು: ಧೂಳಿಗೆ ಮಿತಿ ಈಗಲೇ ಬೇಕು. ಪ್ರೊಫೆಸರರು ಅದನ್ನು ಓದಿ, "ಬೇಕು ಅನ್ನೋದಕ್ಕಿಂತ ಬೇಕಾಗಬಹುದು ಅಂದ್ರೆ?" ಎಂದರು. ಅದಕ್ಕೂ ಒಪ್ಪಿಕೊಂಡಳು.

ಗುರುವಾರ ಸಂಜೆ ಪಾರ್ಲಿಮೆಂಟಿನ ಮುಂದಿನ ಚೌಕದಲ್ಲಿ ಎಲ್ಲರೂ ಬಿಯರ್ ಹಿಡಿದು ನಿಂತಿರುತ್ತಾರೆ. ಹಗಲು ಸಭೆಗಳಲ್ಲಿ ಮುಂದಕ್ಕೆ ಹೋದ ಕೆಲಸವೆಲ್ಲ ಅಲ್ಲಿ ಮುಗಿಯುತ್ತದೆ. ಸಮಿತಿಯ ಪ್ರಭಾವಿ ಸದಸ್ಯೆಯೊಬ್ಬರ ಸಹಾಯಕಿ ಇಡಾಲಿನಾ ಗಿಸ್ಲೆನ್‌ಳಿಗೆ ಅಲ್ಲೇ ಸಿಕ್ಕಳು. ಪೋರ್ಚುಗಲ್ಲಿನ ಹುಡುಗಿ. ಬಾಯಿ ಜೋರು. ಕರಡಿಗೆ ಸೂಚಿಸುವ ತಿದ್ದುಪಡಿಗಳನ್ನೆಲ್ಲ ಬರೆಯುವುದು ಅವಳೇ, ಸದಸ್ಯೆಯದು ಸಹಿ.

"ಏನಕ್ಕಾ, ಇವತ್ತು ಯಾವ ಪ್ರೊಫೆಸರನ್ನ ಹಿಂಡಿ ತಂದಿದೀಯ?"

ಗಿಸ್ಲೆನ್ ಪುಟ ಕೊಟ್ಟಳು. ಇಡಾಲಿನಾ ಮೇಲೆ ನೋಡಿದಳು, ಕೆಳಗೆ ನೋಡಿದಳು, ಮಡಚಿ ಜೇಬಿಗಿಟ್ಟಳು.

"ಚೆನ್ನಾಗಿದೆ. ನಮ್ಮ ಮೇಡಂ ಒಪ್ತಾರೆ. ಅವರ ಅಜ್ಜನೂ ಬೇಕರಿಯವರಂತೆ, ಭಾಷಣದಲ್ಲಿ ಹೇಳ್ತಿರ್ತಾರೆ."

"ನಿಜವಾ?"

"ನಾನೇ ಬರ್ದಿದ್ದು. ಯಾರೂ ಇದುವರೆಗೆ ಕೇಳಿಲ್ಲ."

ಆ ಭಾನುವಾರ ಗಿಸ್ಲೆನ್ ರೈಲು ಹಿಡಿದು ತಮ್ಮನ ಮನೆಗೆ ಹೋದಳು. ಬರುವ ವರ್ಷದೊಳಗೆ ಯಂತ್ರ ಬರುತ್ತದೆ ಎಂದು ಅವನಿಗೆ ಹೇಳಿದಳು. ಕೆಲಸಕ್ಕೆ ಸೇರಿದಾಗಿನಿಂದ ಇಂಥದ್ದು ಬಂದೇ ಬರುತ್ತದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಮಧ್ಯದ ಸಾಲು ಓದುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರೂ ಆ ಊರಿನಲ್ಲಿದ್ದಾರೆ. ಹಿಟ್ಟಿನ ಗಿರಣಿಯವರ ಪರವಾಗಿ ಅಂಥವರೊಬ್ಬರು ಇದ್ದರು, ಸಮಿತಿಯವರಿಗೆ ಹಂಚಿದ ಗಿಸ್ಲೆನ್‌ಳ ಪುಟ ಅವರ ಕೈಗೂ ಸಿಕ್ಕಿತು. ಸಮಿತಿ ಸೇರುವ ಹೊತ್ತಿಗೆ ಒಂದು ಸಣ್ಣ ತಿದ್ದುಪಡಿ ತಯಾರಾಗಿತ್ತು. ಇನ್ನಷ್ಟು ಸಂಶೋಧನೆ ಅಗತ್ಯವೆಂದು ಖ್ಯಾತ ವಿದ್ವಾಂಸರಾದ ಕ್ವಾಲೆನ್ ಅವರೇ ಹೇಳಿರುವುದರಿಂದ, ಆ ಸಂಶೋಧನೆ ಮುಗಿಯುವವರೆಗೆ, ಅಂದರೆ ನಾಲ್ಕು ವರ್ಷ, ಮಿತಿಯನ್ನು ತಡೆಹಿಡಿಯತಕ್ಕದ್ದು. ಸಂಶೋಧನೆಯನ್ನು ಸದರಿ ವಿದ್ವಾಂಸರಿಗೇ ವಹಿಸತಕ್ಕದ್ದು. ಯಾರೂ ವಿರೋಧಿಸಲಿಲ್ಲ. ವಿಜ್ಞಾನದ ವಿರುದ್ಧ ಕೈ ಎತ್ತುವುದು ಹೇಗೆ? ಇಡಾಲಿನಾಳ ಸದಸ್ಯೆ ತಮ್ಮ ಅಜ್ಜನನ್ನು ನೆನೆದು ತಿದ್ದುಪಡಿಯ ಪರವಾಗಿ ಮಾತಾಡಿದರು.

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಇಡಾಲಿನಾ ಗಿಸ್ಲೆನ್‌ಳ ತೋಳು ಹಿಡಿದಳು. "ಆ ಸಾಲು ಯಾಕೆ ಬಿಟ್ಟೆ ಅಕ್ಕಾ? ನೀನು ಯಾವತ್ತೂ ಬಿಡೋಳಲ್ಲ."

"ಯಾರೂ ಓದಲ್ಲ ಅಂದ್ಕೊಂಡೆ."

"ನಾನೂ ಓದಿರ್ಲಿಲ್ಲ" ಎಂದಳು ಇಡಾಲಿನಾ. ಪಾಪ, ಅವಳ ಮುಖವೂ ಬಾಡಿತ್ತು.

ವಿಶ್ವವಿದ್ಯಾಲಯದಲ್ಲಿ ಮಾತ್ರ ಹಬ್ಬವೋ ಹಬ್ಬ. ತಮ್ಮ ಪ್ರೊಫೆಸರೊಬ್ಬರ ವಾಕ್ಯ ಒಂದಕ್ಷರವೂ ಬದಲಾಗದೆ ಯುರೋಪಿನ ಕರಡಿನೊಳಗೆ ಸೇರಿದ್ದು ಅವರ ಚರಿತ್ರೆಯಲ್ಲೇ ಮೊದಲು. ಕುಲಪತಿಗಳು ಎರಡು ಕೋಣೆಯ ಆಫೀಸಿಗೆ ಖುದ್ದಾಗಿ ಬಂದು ವೈನ್ ಬಾಟಲಿ ತೆಗೆದರು. ವಿದ್ಯೆಗೂ ಆಡಳಿತಕ್ಕೂ ನಡುವಿನ ಸೇತುವೆ ಎಂದು ಗಿಸ್ಲೆನ್‌ಳನ್ನು ಹೊಗಳಿದರು. ಸೇತುವೆ ಗೋಡೆಗೆ ಒರಗಿ ನಿಂತು ಮೀನು ಹಚ್ಚಿದ ಬ್ರೆಡ್ಡಿನ ತುಣುಕು ತಿಂದಿತು. ಅವಳಿಗೆ ಅಳು ಬರುತ್ತಿತ್ತು, ಆದರೆ ಅದು ಅಳುವ ಜಾಗವಲ್ಲ.

ಎರಡು ವಾರದ ನಂತರ ಪ್ರೊಫೆಸರ್ ಕ್ವಾಲೆನ್ ಮತ್ತೆ ಬಂದರು. ಸಂಶೋಧನೆಗೆ ಬೇಕರಿಯವರನ್ನು ಹುಡುಕಬೇಕಿತ್ತು. ಅವರು ಇರುವ ಬೇಕರಿಯಲ್ಲೇ, ಈಗಿರುವ ಧೂಳಿನಲ್ಲೇ ನಾಲ್ಕು ವರ್ಷ ಕೆಲಸ ಮಾಡಬೇಕು. ನಡುವೆ ಯಂತ್ರ ಹಾಕಿದರೆ ಲೆಕ್ಕ ತಪ್ಪುತ್ತದೆ.

"ಹಳೇ ಅಧ್ಯಯನದಲ್ಲಿ ನಾಮ್ಯೂರಿನ ಒಬ್ಬರು ಇದ್ರು, ವೌಟರ್ಸ್ ಅಂತ. ಉಸಿರು ಇಳಿದಿರೋದು ಅಷ್ಟು ಸ್ಪಷ್ಟವಾಗಿ ಬೇರೆ ಯಾರದ್ರಲ್ಲೂ ಕಾಣಲ್ಲ. ಅವರು ಸಿಕ್ಕಿದ್ರೆ ಒಳ್ಳೇದು. ನಿಮ್ಮ ಹೆಸರಿನವರೇ."

"ನನ್ನ ತಮ್ಮ."

ಪ್ರೊಫೆಸರರು ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು.

"ಮೊದ್ಲೇ ಹೇಳಬಾರದಿತ್ತಾ, ಮದಾಮ್?"

"ಹೇಳಿದ್ರೆ ಆ ಸಾಲು ತೆಗೀತಿದ್ರಾ?"

ಅವರು ಯೋಚಿಸಿದರು. ಬೇರೆಯವರಾಗಿದ್ದರೆ ಹೌದು ಎಂದುಬಿಡುತ್ತಿದ್ದರು. ಪ್ರೊಫೆಸರ್ ಕ್ವಾಲೆನ್ ಸುಳ್ಳು ಹೇಳುವವರಲ್ಲ.

"ಇಲ್ಲ" ಎಂದರು. "ಬಹುಶಃ ಇಲ್ಲ."

ಭಾನುವಾರ ಅವಳು ನಾಮ್ಯೂರಿಗೆ ಹೋದಾಗ ಫಿರ್ಮೆನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ. ವಿಶ್ವವಿದ್ಯಾಲಯದಿಂದ ಆಗಲೇ ಫೋನು ಬಂದಿತ್ತು.

"ವರ್ಷಕ್ಕೆರಡು ಸಲ ದೊಡ್ಡ ಡಾಕ್ಟರೇ ನೋಡ್ತಾರಂತೆ ಕಣೇ. ನಾನು ಬಹಳ ಮುಖ್ಯ ಅಂದ್ರು. ಇಷ್ಟು ವರ್ಷದಲ್ಲಿ ನಂಗೆ ಯಾರೂ ಹಾಗಂದಿರ್ಲಿಲ್ಲ."

"ಒಪ್ಕೋಬೇಡ."

"ಯಾಕೆ? ನಿಮ್ಮವರೇ ಅಲ್ವಾ?"

"ಒಪ್ಕೋಬೇಡ. ಬೇಕರಿ ಬಿಡು. ನಾಳೆನೇ ಬಿಡು."

ಫಿರ್ಮೆನ್ ಚಾಕು ಕೆಳಗಿಟ್ಟ. "ಬಿಟ್ಟು ಏನ್ಮಾಡ್ಲಿ, ಗಿಸ್? ನಂಗೆ ಬೇರೇನು ಬರುತ್ತೆ?"

"ಗೊತ್ತಿಲ್ಲ."

"ಬಿಡು ಅಂತ ನಿನ್ನ ಪ್ರೊಫೆಸರು ಹೇಳ್ಲಿಲ್ಲವಲ್ಲ."

"ಅವರು ಹೇಳಲ್ಲ. ನಾನು ಹೇಳ್ತಿದೀನಿ. ಆ ಧೂಳು ನಿನ್ನ ಕೊಲ್ಲುತ್ತೆ. ನಾಲ್ಕು ವರ್ಷ ಅಲ್ಲಿದ್ರೆ ನೀನು ಉಳಿಯಲ್ಲ."

ಬಹುಶಃ, ಸಾಧ್ಯತೆಯಿದೆ, ಬೇಕಾಗಬಹುದು ಎಂದು ಬರೆದು ಬರೆದು ಸವೆದ ಬಾಯಿಯಿಂದ ಈ ಮಾತು ಸಲೀಸಾಗಿ ಬಂತು. ಎಷ್ಟು ಸಲೀಸೆಂದರೆ ಅವಳಿಗೇ ದಿಗಿಲಾಯಿತು.

ಫಿರ್ಮೆನ್ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ.

"ಅವರಿಗೂ ಹೀಗೇ ಹೇಳಿದ್ಯಾ? ಆ ಬ್ರಸೆಲ್ಸ್‌ನವರಿಗೆ?"

"ಇಲ್ಲ."

"ಯಾಕೆ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದ.

"ಅಲ್ಲಿ ಹಾಗೆ ಹೇಳಲ್ಲ" ಎಂದಳು ಗಿಸ್ಲೆನ್.

ಫಿರ್ಮೆನ್ ಹೌದೆನ್ನುವಂತೆ ತಲೆಯಾಡಿಸಿದ. ಆಲೂಗಡ್ಡೆಯನ್ನು ನೀರಿಗೆ ಹಾಕಿ ಒಲೆಯ ಮೇಲಿಟ್ಟ. ಬೆಂದಾಗ ಇಳಿಸು ಎಂದು ಅಕ್ಕನಿಗೆ ಹೇಳಿದ. ರಾತ್ರಿ ಎದ್ದು ಹಿಟ್ಟು ನಾದಬೇಕಾದವನು ಮಧ್ಯಾಹ್ನವೇ ಮಲಗಬೇಕು. ಅವನು ಮೆಟ್ಟಿಲು ಹತ್ತುವುದು ಅವಳಿಗೆ ಅಡುಗೆಮನೆಯಿಂದ ಕೇಳುತ್ತಿತ್ತು. ಅಂದು ಭಾನುವಾರವಾಗಿದ್ದರೂ ಅವನು ನಡುವೆ ಒಮ್ಮೆ ನಿಂತ.