ಮರಳಿಯ ಲಾಯದಲ್ಲಿ ಜಪಾನಿ ವಂಶದ ಮರಿ

ಕಳೆದ ಫೆಬ್ರುವರಿಯ ಎರಡನೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಮರಳಿ ಎಂಬ ಊರಿನ ಕಾಲುವೆ ಪಕ್ಕದ ತಗಡಿನ ಲಾಯದ ಬಾಗಿಲಲ್ಲಿ ನಿಂತಿದ್ದೆ. ಕುದುರೆಮರಿ ಹುಟ್ಟಿದ್ದನ್ನು ನಾನು ನೋಡಲಿಲ್ಲ. ಅದು ಬೆಳಕು ಹರಿಯುವಾಗಲೇ ಹುಟ್ಟಿತ್ತು. ಆಮೇಲಿನದನ್ನಷ್ಟೇ ಬರೆಯುತ್ತೇನೆ.

ಕುಷ್ಟಗಿಯಿಂದ ಮೊದಲ ಬಸ್ಸಿಗೆ ಹೊರಟು, ಕನಕಗಿರಿ ದಾಟಿ ಗಂಗಾವತಿಯಲ್ಲಿ ಇಳಿದಿದ್ದೆ. ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಟಂಟಂ ಆಟೋ ಹತ್ತಿದೆ. ಮರಳಿಯವರೆಗೂ ಎರಡೂ ಬದಿ ಹೊಸದಾಗಿ ನಾಟಿ ಮಾಡಿದ ಭತ್ತ, ನಿಂತ ನೀರು. ನನ್ನನ್ನು ಕರೆದವನು ಗೆಳೆಯ ವೀರಣ್ಣ. ಮರಳಿಯವನು, ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವವನು. ಇದ್ದ ಎರಡು ಲಾರಿ ಮಾರಿ, ಪುಣೆಯ ಕಡೆಯಿಂದ ಗಬ್ಬದ ರೇಸ್ ಕುದುರೆ ತಂದಿದ್ದ.

"ಮರಿಯ ಅಜ್ಜ ಜಪಾನಿನಾಗ ಓಡಿದಾಂವ," ಎಂದು ಫೋನಿನಲ್ಲಿ ಹೇಳಿದ್ದ. "ಒಂದು ಕಾಲದಾಗ ಜಪಾನದೋರು ಇಂಗ್ಲಂಡ್, ಅಮೆರಿಕಾದಿಂದ ಬೀಜದ ಕುದುರಿ ಕೊಂಡು ಒಯ್ತಿದ್ರು. ಈಗ ಅಲ್ಲಿಯೋರೇ ತಮ್ಮ ಹೆಣ್ಣು ಕುದುರಿ ಗಬ್ಬ ಕಟ್ಟಸಾಕ ಜಪಾನಿಗೆ ಕಳಸ್ತಾರ. ಅರಬರ ನಾಡಿನಾಗೂ ಅವರ ಕುದುರಿ ಗೆಲ್ಲತಾವ. ಆ ರಕ್ತ ನಮ್ಮ ಮರಳಿಗೆ ಬರಾಕತ್ತೈತಿ, ಬಂದು ನೋಡು."

ನಾನು ನೋಡಿದ್ದು ಹುಲ್ಲಿನ ಮೇಲೆ ಬಿದ್ದಿದ್ದ, ಏಳಲಾರದ ಮರಿ. ಮುಂಗಾಲು ಊರುತ್ತಿತ್ತು, ಮುಗ್ಗರಿಸುತ್ತಿತ್ತು. ಪಶುವೈದ್ಯೆ ಶಬಾನಾ ತಾಯಿಯ ಕೆಚ್ಚಲು ಮುಟ್ಟಿ ತಲೆ ಎತ್ತಿದರು.

"ಕೆಚ್ಚಲ ಖಾಲಿ ಐತಲ್ರಿ. ಮರಿ ಅಂತೂ ಕುಡದಿಲ್ಲ. ಹಾಲು ಎಲ್ಲಿ ಹೋತು?"

"ನಾನ ಹಿಂಡೀನವಾ," ಎಂದರು ವೀರಣ್ಣನ ದೊಡ್ಡವ್ವ ಗಂಗವ್ವ. "ಮೊದಲ ಹಾಲು ಮರಿಗೆ ಜಡ ಆಗ್ತೈತಿ. ಎಮ್ಮಿ ಈದಾಗೂ ಹಂಗ ಮಾಡ್ತೀವಿ. ಗಿಣ್ಣಕ್ಕ ಇಟ್ಟೀನಿ."

ವೀರಣ್ಣನ ಮುಖ ಬಿಳಿಚಿಕೊಂಡಿತು. "ಜಪಾನಿ ಮರಿಯ ಹಾಲು ಗಿಣ್ಣ ಮಾಡಿದ್ಯಾ ದೊಡ್ಡವ್ವ?"

"ಜಪಾನಿ ಆದ್ರೇನು, ಅದಕ್ಕೂ ನಾಕ ಕಾಲ ಅದಾವಲ್ಲ."

ವೈದ್ಯೆ ಗದರಲಿಲ್ಲ. ರೋಗ ತಡೆಯುವ ಶಕ್ತಿ ಕುದುರೆಮರಿಗೆ ಆ ಮೊದಲ ಹಾಲಿನಿಂದಲೇ ಬರುತ್ತದೆ, ಕೆಲವು ತಾಸಿನೊಳಗೆ ಅದು ಹೊಟ್ಟೆಗೆ ಹೋಗದಿದ್ದರೆ ಮರಿ ಉಳಿಯುವುದು ಕಷ್ಟ ಎಂದರು. "ಎಲ್ಲಾ ಒಲಿ ಮ್ಯಾಲ ಇಟ್ಟೀರೇನ್ರಿ?"

"ಅರ್ಧ ಇಟ್ಟೀನಿ. ಅರ್ಧ ಚರಿಗ್ಯಾಗ ಐತಿ, ಮಗ್ಗಲ ಮನಿಯೋರಿಗೆ ಕೊಡಾಕ."

ಹೇಳುತ್ತಲೇ ಗಂಗವ್ವನಿಗೆ ಅರ್ಥವಾಯಿತು. ಎಪ್ಪತ್ತು ದಾಟಿದ ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಮನೆಗೆ ಓಡಿದರು.

ಗಂಗವ್ವ ತಂದ ಚರಿಗೆಯ ಹಾಲನ್ನು ಶಬಾನಾ ಬಾಟಲಿಗೆ ಸುರಿದರು. ವೀರಣ್ಣ ಮರಿಯನ್ನು ಎದೆಯೂರಿ ಕೂರಿಸಿ ಗದ್ದ ಹಿಡಿದ. ಮೊದಲ ಗುಟುಕು ಬಾಯಿಂದ ಹೊರಗೆ ಹರಿಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ಮರಿಯ ಗಂಟಲು ಆಡಿದ್ದು ಕಂಡಿತು. ಬಾಟಲಿ ಮುಗಿದು ಬಹಳ ಹೊತ್ತಾದ ಮೇಲೆ ಅದು ಎದ್ದು ನಿಂತಿತು. ಒಂದು ಬದಿಗೆ ವಾಲಿತು, ಬೀಳಲಿಲ್ಲ. ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು.

"ಇನ್ನಾ ಖುಷಿ ಪಡಬ್ಯಾಡ್ರಿ," ಎಂದರು ಶಬಾನಾ. "ಹಾಲಿನ ಶಕ್ತಿ ಮೈಗೆ ಹತ್ತೈತೇನಂತ ನಾಳಿ ರಕ್ತ ಪರೀಕ್ಷಿ ಮಾಡಿ ಹೇಳ್ತೀನಿ."

ಸಂಜೆ ಟಂಟಂನಿಂದ ತಿರುಗಿ ನೋಡಿದಾಗ ಲಾಯದ ತಗಡಷ್ಟೇ ಕಂಡಿತು. ಮರುದಿನ ವೀರಣ್ಣ ಫೋನ್ ಮಾಡಿ, ರಕ್ತ ಸರಿಯಿದೆಯೆಂದು ಹೇಳಿದ.

ಮರಿ ಎದ್ದು ನಿಂತದ್ದನ್ನು ನನ್ನ ಜೊತೆ ಕಂಡವರು ವೀರಣ್ಣ, ಶಬಾನಾ ಮತ್ತು ಗಂಗವ್ವ. ಮೂವರೂ ಇದ್ದಾರೆ, ಬೇಕಾದರೆ ಕೇಳಬಹುದು. ಮರಿಯೂ ಇದೆ.